ಬಾದುಷಾ ಪಾಕ ಹೀರುತ್ತಿಲ್ಲ, ದೀಪಾವಳಿ ಹತ್ತಿರ ಬಂತು

ಕೊತ್ರೂಡ್ ಶಾಲಿನಿ: ಠಾಣೆಯಲ್ಲಿದ್ದಾಗ ನನ್ನ ಬಾದುಷಾ ತಿಂದವರು ಇನ್ನೊಂದು ಕೊಡಿ ಅಂತ ಕೇಳ್ತಿದ್ರು. ಪುಣೆಗೆ ಬಂದ ಮೇಲೆ ಕೈಕೊಡ್ತಿದೆ. ಅದೇ ಅಳತೆ: 2 ಕಪ್ ಮೈದಾ, ಅರ್ಧ ಕಪ್ ತುಪ್ಪ, ಕಾಲು ಕಪ್ ಮೊಸರು, ಚಿಟಿಕೆ ಸೋಡಾ. ಪಾಕಕ್ಕೆ 2 ಕಪ್ ಸಕ್ಕರೆ, 1 ಕಪ್ ನೀರು. ಥರ್ಮಾಮೀಟರ್ 105 ಡಿಗ್ರಿ ತೋರಿಸಿದ ಕೂಡಲೇ ಇಳಿಸ್ತೀನಿ. ಮೇಲೆ ಸಕ್ಕರೆ ಬಿಳಿ ಪೊರೆ ಕಟ್ಟುತ್ತೆ, ಮುರಿದರೆ ನಡುವೆ ಒಣಕಲು. ಯಾರಾದ್ರೂ ಸರಿಯಾಗಿ ಹೇಳಿ.

ಡೊಂಬಿವಲಿ ಭಟ್: ತುಪ್ಪದ್ದೇ ಸಮಸ್ಯೆ. ಬಾದುಷಾಕ್ಕೆ ಡಾಲ್ಡಾ ಆಗಬೇಕು. ತುಪ್ಪ ಈ ಸೆಕೆಗೆ ಕರಗಿ ನೀರಾಗ್ತದೆ, ಡಾಲ್ಡಾ ಗಟ್ಟಿ ಇದ್ದು ಹಿಟ್ಟಿನ ನಡುವೆ ನಿಲ್ತದೆ, ಪದರ ಬಿಡುವುದು ಅದರಿಂದ. ಪದರ ಇಲ್ಲದಿದ್ದರೆ ಪಾಕ ಎಲ್ಲಿಂದ ಒಳಗೆ ಹೋಗಬೇಕು? ನಾನು ಹೋಟೆಲ್ ಅಡುಗೆಮನೆಯಲ್ಲೇ ಬೆಳೆದವ, ಓದಿ ಹೇಳುವುದಲ್ಲ.

ಧಾರವಾಡದ ಸೊಸಿ: ಡಾಲ್ಡಾ! ಮಕ್ಕಳಿಗೆ ಟ್ರಾನ್ಸ್ ಫ್ಯಾಟ್ ತಿನಸ್ತೀರೇನ್ರಿ ಹಬ್ಬದ ದಿನ?

ಡೊಂಬಿವಲಿ ಭಟ್: ಅಕ್ಕಾ, ಅದು ಹಳೇ ಕಥೆ. 2022ರ ಜನವರಿಯಿಂದ ಎಣ್ಣೆ, ಡಾಲ್ಡಾ ಯಾವುದರಲ್ಲೂ ಟ್ರಾನ್ಸ್ ಫ್ಯಾಟ್ ಶೇಕಡಾ 2 ದಾಟುವ ಹಾಗಿಲ್ಲ ಎಂದು ಸರ್ಕಾರದ ನಿಯಮವೇ ಉಂಟು.

ಧಾರವಾಡದ ಸೊಸಿ: 2 ಅಂದ್ರ ಸೊನ್ನಿ ಅಲ್ಲ. ನಮ್ಮತ್ತಿ ಬೆಣ್ಣಿ ಕಾಸಿದ ತುಪ್ಪದಾಗ ಮಾಡ್ತಾರ, ಬಾಯಾಗ ಇಟ್ರ ಕರಗ್ತಾವ. ತುಪ್ಪ ಹೆಪ್ಪುಗಟ್ಟಿದ್ದು ತಗೋಬೇಕು, ಕರಗಿಸಿ ಸುರಿಯೋದಲ್ಲ.

ಪಿಂಪ್ರಿ ಇಂಜಿನಿಯರ್: ಶಾಲಿನಿ ಮೇಡಂ, ತುಪ್ಪ-ಡಾಲ್ಡಾ ಎರಡನ್ನೂ ಬಿಡಿ. ಠಾಣೆ ಸಮುದ್ರಮಟ್ಟದ ಊರು, ನೀರು 100 ಡಿಗ್ರಿಗೆ ಕುದಿಯುತ್ತೆ. ಪುಣೆ ಸುಮಾರು 560 ಮೀಟರ್ ಎತ್ತರ, ಇಲ್ಲಿ 98ಕ್ಕೇ ಕುದಿಯುತ್ತೆ. ನೀರು ಕುದಿಯೋ ಬಿಸಿಗಿಂತ ಪಾಕ ಎಷ್ಟು ಡಿಗ್ರಿ ಮೇಲೇರಿದೆ ಅನ್ನೋದರ ಮೇಲೆ ಹದ ನಿಂತಿರುತ್ತೆ. ಅಲ್ಲಿಯ 105 ಇಲ್ಲಿ 103. ನೀವು 105ರವರೆಗೂ ಕಾಯಿಸಿದರೆ ನೀರು ಜಾಸ್ತಿ ಹೋಗಿ ಪಾಕ ದಪ್ಪವಾಗುತ್ತೆ. ದಪ್ಪ ಪಾಕ ಒಳಗಿಳಿಯೋಲ್ಲ, ಮೇಲೇ ಕೂತು ಸಕ್ಕರೆಯಾಗುತ್ತೆ. ನಿಮಗಾಗ್ತಿರೋದು ಅದೇ.

ಡೊಂಬಿವಲಿ ಭಟ್: ಎರಡು ಡಿಗ್ರಿಗೆ ಬಾದುಷಾ ಹಾಳಾಗ್ತದಾ? ಬೆಂಗಳೂರು 900 ಮೀಟರ್ ಎತ್ತರದಲ್ಲಿ ಉಂಟು. ನಿಮ್ಮ ಲೆಕ್ಕದಲ್ಲಿ ಅಲ್ಲಿ ಸ್ವೀಟ್ ಅಂಗಡಿಯೇ ಇರಬಾರದಿತ್ತು.

ಪಿಂಪ್ರಿ ಇಂಜಿನಿಯರ್: ಅಂಗಡಿಯವರು ಅಂಕಿ ನೋಡೋಲ್ಲ, ಪಾಕ ಬೆರಳ ನಡುವೆ ಎಳೆ ಬರುತ್ತಾ ಅಂತ ನೋಡ್ತಾರೆ. ಎಳೆಗೆ ಊರಿನ ಎತ್ತರದ ಹಂಗಿಲ್ಲ. ಥರ್ಮಾಮೀಟರ್ ಹಿಡಿದವರಿಗಷ್ಟೇ ನಾನು ಹೇಳಿದ್ದು.

ಡೊಂಬಿವಲಿ ಭಟ್: ಹಾಗಾದರೆ ಎಳೆ ನೋಡುವುದೇ ಸರಿ ಅಂತ ಆಯ್ತಲ್ಲ ಮಾರಾಯ್ರೆ! ಅಂಕಿ ನಂಬಿ ಕೆಟ್ಟದ್ದು ಅಂತ ನೀವೇ ಬರೆದಿರಿ.

ಪಿಂಪ್ರಿ ಇಂಜಿನಿಯರ್: ನಾನು ಬರೆದಿದ್ದು ಅಂಕಿಯನ್ನು ಊರಿಗೆ ತಕ್ಕ ಹಾಗೆ ತಿದ್ದಿಕೊಳ್ಳಬೇಕು ಅಂತ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಎಷ್ಟು ತೋರಿಸುತ್ತೆ ನೋಡಿ, ಅದಕ್ಕೆ 5 ಕೂಡಿಸಿ. ಇಷ್ಟೇ ಕೆಲಸ. ಓದದೆ ಉತ್ತರ ಬರೀಬೇಡಿ.

ಡೊಂಬಿವಲಿ ಭಟ್: "ಓದದೆ"? ನಿಮ್ಮ ವಯಸ್ಸಿಗಿಂತ ಹೆಚ್ಚು ವರ್ಷ ನಾನು ಬಾಣಲೆ ಮುಂದೆ ನಿಂತಿದ್ದೇನೆ.

ಮುಲುಂಡ್ ರಾವ್: ವಯಸ್ಸು ಎಳೆದು ತರಬೇಡಿ ಭಟ್ರೇ. ಪೊರೆ ಕಟ್ಟುವುದಕ್ಕೆ ಮದ್ದು ನಿಂಬೆರಸ. ಮಾಮೂಲಿ ಬಿಸಿಯಲ್ಲಿ 100 ಗ್ರಾಂ ನೀರು ಹಿಡಿದುಕೊಳ್ಳುವುದು ಹೆಚ್ಚುಕಡಿಮೆ 200 ಗ್ರಾಂ ಸಕ್ಕರೆ. ಎಳೆ ಪಾಕದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಆರಿದಾಗ ಮರಳುಗಟ್ಟಲೇಬೇಕು. ಹುಳಿ ಬಿದ್ದರೆ ಸಕ್ಕರೆ ಸ್ವಲ್ಪ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಹರಳು ಕಟ್ಟಲು ಅವು ಬಿಡುವುದಿಲ್ಲ.

ಧಾರವಾಡದ ಸೊಸಿ: ನಿಂಬಿ ಹಣ್ಣು ಹಿಂಡಿದ್ರ ಬಾದುಷಾ ಹುಳಿ ಬರ್ತದ. ಬಾದುಷಾದ ಮ್ಯಾಲ ಒಂಚೂರು ಸಕ್ಕರಿ ಪೊರಿ ಇರಬೇಕ್ರಿ. ಅದಿಲ್ಲದ್ದು ಜಾಮೂನು.

ಮುಲುಂಡ್ ರಾವ್: ಹಣ್ಣು ಹಿಂಡಿ ಅಂದೆನೇ? ನಾಲ್ಕು ಹನಿ ಸಾಕು.

ಡೊಂಬಿವಲಿ ಭಟ್: ಇಂಜಿನಿಯರ್ ಸಾಹೇಬರೇ, ಎಳೆ ನೋಡಲಿಕ್ಕೆ ನಿಮಗೆ ಬರ್ತದಾ? ಸೌಟಿನಿಂದ ಒಂದು ತೊಟ್ಟು ತಟ್ಟೆಗೆ ಬಿಡಬೇಕು, ಬೆರಳು ಸುಡದಷ್ಟು ಆರಿದ ಮೇಲೆ ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ನಿಧಾನ ಬಿಡಿಸಬೇಕು. ಒಂದು ಎಳೆ ಎದ್ದು, ತುಂಡಾಗದೆ ನಿಂತರೆ ಒಲೆ ಆರಿಸುವುದು. ಬಿಸಿ ಇರುವಾಗ ನೋಡಿದರೆ ಎಳೆ ಬರುವುದಿಲ್ಲ, ಬಂದಿಲ್ಲ ಅಂತ ಮತ್ತೆ ಕುದಿಸ್ತಾರೆ, ಪಾಕ ಕೆಡ್ತದೆ.

ಪಿಂಪ್ರಿ ಇಂಜಿನಿಯರ್: ತೊಟ್ಟು ಆರುವಷ್ಟು ಹೊತ್ತು ಒಲೆ ಮೇಲಿನ ಪಾಕ ಕುದೀತಾನೇ ಇರುತ್ತಲ್ಲ? ಅಷ್ಟರಲ್ಲಿ ಹದ ದಾಟಿರುತ್ತೆ. ಥರ್ಮಾಮೀಟರ್ ಬೇಕಾಗಿರೋದು ಅದಕ್ಕೇ.

ಡೊಂಬಿವಲಿ ಭಟ್: ಉರಿ ಸಣ್ಣ ಮಾಡಲಿಕ್ಕೆ ಕೈ ಇಲ್ಲವಾ?

ಕೊತ್ರೂಡ್ ಶಾಲಿನಿ: ಕೇಳಿದ್ದು ನಾನು. ನನ್ನ ಪ್ರಶ್ನೆ ಬಿಟ್ಟು ಕೈ, ವಯಸ್ಸು ಅಂತ ಜಗಳ ಆಡ್ತಿದ್ದೀರಿ. ನೀರು ಕುದಿಸಿ ನೋಡಿದೆ, 98 ತೋರಿಸ್ತು. ಪಾಕ 103ಕ್ಕೆ ಇಳಿಸ್ತೀನಿ. ಡಾಲ್ಡಾ ಮಾತ್ರ ನನ್ನ ಮನೆಗೆ ಬರೋಲ್ಲ.

ಧಾರವಾಡದ ಸೊಸಿ: ಛಲೋ ಮಾಡಿದಿ ತಂಗಿ. ತುಪ್ಪದ ಮುಂದ ಡಾಲ್ಡಾ ಯಾವ ಲೆಕ್ಕ!

ಅಂಧೇರಿ ವೀಣಾ: ನಡುವೆ ಒಣಕಲು ಅಂದ್ರಲ್ಲ, ಅದು ಪಾಕದ್ದೊಂದೇ ಇರಲಿಕ್ಕಿಲ್ಲ. ಎಣ್ಣೆ ಎಷ್ಟು ಕಾದಿತ್ತು? ಚೂರು ಹಿಟ್ಟು ಹಾಕಿದರೆ ತಳಕ್ಕೆ ಹೋಗಿ ಸಾವಕಾಶ ಮೇಲೆ ಬರಬೇಕು. ಥಟ್ಟನೆ ತೇಲಿದರೆ ಹೊರಗೆ ಕೆಂಪಾಗಿ ಒಳಗೆ ಬೇಯೋದೇ ಇಲ್ಲ. ನಡುವೆ ಹೆಬ್ಬೆರಳಲ್ಲಿ ಗುಳಿ ಒತ್ತಿದ್ರಾ? ಸೋಡಾ ಹಾಕಿ ಹಿಟ್ಟು ಎಷ್ಟು ಹೊತ್ತು ಇಟ್ಟಿದ್ರಿ? ಮೊಸರಿನ ಹುಳಿಗೆ ಸೋಡಾ ಉಬ್ಬಿ, ತಡವಾದರೆ ಗಾಳಿಯೆಲ್ಲ ಹೊರಟು ಹೋಗಿರುತ್ತೆ.

ಡೊಂಬಿವಲಿ ಭಟ್: ಗುಳಿ ಒತ್ತುವುದು ಚಂದಕ್ಕೆ.

ಅಂಧೇರಿ ವೀಣಾ: ಚಂದಕ್ಕಲ್ಲ, ನಡುಭಾಗ ತೆಳ್ಳಗಾಗಿ ಬೇಯಲಿ ಅಂತ. ಹೋಟೆಲಲ್ಲಿ ಇದನ್ನ ಹೇಳಿಕೊಡಲಿಲ್ವಾ?

ಡೊಂಬಿವಲಿ ಭಟ್: ಹೋಟೆಲಿನ ಮಾತು ನಿಮಗೆ ಬೇಡ. ಡಾಲ್ಡಾ ಹಾಕಿ ಒಮ್ಮೆ ಮಾಡಿ ನೋಡಿ, ಆಮೇಲೆ ಗುಳಿಯ ವಿಷಯ ಮಾತಾಡುವ.

ಪಿಂಪ್ರಿ ಇಂಜಿನಿಯರ್: ಮೇಡಂ 103ಕ್ಕೆ ಒಪ್ಪಿದ್ರು, ನೋಡಿದ್ರಲ್ಲ ಭಟ್ರೇ.

ಡೊಂಬಿವಲಿ ಭಟ್: ಒಪ್ಪಿದ್ದು ಇರಲಿ. ಬಾದುಷಾ ಇನ್ನೂ ಬಾಣಲೆಗೆ ಬಿದ್ದಿಲ್ಲ.