‘ಹೆಚ್ಚು ಕಂಡುಬರುತ್ತವೆ’: ಇವೆ ಎಂದೋ, ಕಾಣುತ್ತವೆ ಎಂದೋ?

ಬಳಗದವರಿಗೆಲ್ಲ ಉಡುಪಿಯಿಂದ ನಮಸ್ಕಾರ.

ಆರೋಗ್ಯದ ಒಂದು ಪುಸ್ತಿಕೆಯ ಅನುವಾದ ಕೈಯಲ್ಲಿದೆ. ಮೂರು ದಿನದಿಂದ ಒಂದೇ ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲು ಬರೆದದ್ದು ಹೀಗೆ: ‘ಆಟೋಇಮ್ಯೂನ್ ಕಾಯಿಲೆಗಳೂ ಬಹುಕಾಲದ ನೋವುಗಳೂ ಸಿರಿವಂತ ದೇಶಗಳಲ್ಲಿ ಹೆಚ್ಚು ಕಂಡುಬರುತ್ತವೆ.’ (ದೇಹದ ರಕ್ಷಣಾವ್ಯವಸ್ಥೆ ದೇಹದ ಮೇಲೆಯೇ ತಿರುಗಿಬಿದ್ದು ಬರುವ ಕಾಯಿಲೆಗಳು ಆಟೋಇಮ್ಯೂನ್.) ಓದಲಿಕ್ಕೇನೋ ಸಲೀಸು. ಆದರೆ ಈ ‘ಕಂಡುಬರು’ ಹೇಳುವುದು ಏನನ್ನು? ‘ಪಶ್ಚಿಮ ಘಟ್ಟದಲ್ಲಿ ಸಿಂಗಳೀಕ ಕಂಡುಬರುತ್ತದೆ’ ಎಂದರೆ ಅಲ್ಲಿ ಇದೆ ಎಂದೇ ಅರ್ಥ, ಯಾರೂ ನೋಡದಿದ್ದರೂ ಇದೆ. ‘ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂತು’ ಎಂದರೆ ಯಾರೋ ಕೂತು ಹುಡುಕಿದ್ದರಿಂದ ಸಿಕ್ಕಿತು ಎಂದು. ನನ್ನ ವಾಕ್ಯದ ಮೊದಲರ್ಧಕ್ಕೆ ಒಂದು ಅರ್ಥ ಬೇಕು, ಉಳಿದರ್ಧಕ್ಕೆ ಇನ್ನೊಂದು. ಒಂದೇ ಕ್ರಿಯಾಪದ ಎರಡನ್ನೂ ಮುಚ್ಚಿಹಾಕುತ್ತಿದೆ ಎಂದು ನನ್ನ ಗುಮಾನಿ.

ಮೊದಲರ್ಧ ನೋಡಿ. ಫಿನ್ಲೆಂಡ್ ಮತ್ತು ಗಡಿಯಾಚೆಗಿನ ರಷ್ಯಾದ ಕರೇಲಿಯಾ: ಜನರ ವಂಶವಾಹಿಗಳು ಹತ್ತಿರದವು, ಚಳಿ ಒಂದೇ, ಬಿಸಿಲೂ ಒಂದೇ. ಆದರೂ ಮಕ್ಕಳಿಗೆ ಬರುವ, ಆಟೋಇಮ್ಯೂನ್ ಗುಂಪಿನ ಟೈಪ್ 1 ಮಧುಮೇಹ 1990ರ ದಶಕದಲ್ಲಿ ಫಿನ್ಲೆಂಡಿನಲ್ಲಿ ಸುಮಾರು ಆರು ಪಟ್ಟು ಹೆಚ್ಚಿತ್ತು. ಅಲ್ಲಿ ಡಾಕ್ಟರುಗಳು ಹೆಚ್ಚು, ಅದಕ್ಕೇ ಸಿಗುತ್ತದೆ ಎನ್ನೋಣವೇ? ಗೋಧಿಯ ಗ್ಲುಟನ್ ಆಗಿಬರದ ಸೀಲಿಯಾಕ್ ಎಂಬ ಇನ್ನೊಂದು ಆಟೋಇಮ್ಯೂನ್ ಕಾಯಿಲೆಗೆ ಎರಡೂ ಕಡೆಯ ಶಾಲಾಮಕ್ಕಳ ರಕ್ತ ಪರೀಕ್ಷಿಸಿದ್ದರು. ಫಿನ್ಲೆಂಡಿನಲ್ಲಿ 107 ಮಕ್ಕಳಿಗೊಬ್ಬರು, ಕರೇಲಿಯಾದಲ್ಲಿ 496ಕ್ಕೆ ಒಬ್ಬರು. ಹುಡುಕಿದ್ದು ಎರಡೂ ಕಡೆ ಒಂದೇ ರೀತಿ, ಸಿಕ್ಕಿದ್ದು ಬೇರೆ. ಇಲ್ಲಿ ‘ಹೆಚ್ಚು ಇದೆ’ ಎಂದು ಧೈರ್ಯವಾಗಿ ಬರೆಯಬಹುದು.

ಕಾರಣ ಹೇಳಹೊರಟರೆ ಮತ್ತೊಂದು ಪದದ ತೊಡಕು. ದೊಡ್ಡ ಕುಟುಂಬದ ಕಿರಿಯ ಮಕ್ಕಳಿಗೆ ಪರಾಗದ ಅಲರ್ಜಿ ಕಡಿಮೆ ಎಂದು 1989ರಲ್ಲಿ ಬ್ರಿಟನ್ನಿನ ವೈದ್ಯವಿಜ್ಞಾನಿ ಡೇವಿಡ್ ಸ್ಟ್ರಾಚನ್ ತೋರಿಸಿದ ಮೇಲೆ ಬಂದ ‘ಹೈಜೀನ್’ ಊಹೆಯನ್ನು (ಎಳವೆಯಲ್ಲಿ ಸೋಂಕು ತಗಲುವುದು ಕಡಿಮೆಯಾದದ್ದೇ ಇಂಥ ಕಾಯಿಲೆ ಹೆಚ್ಚಲು ಕಾರಣ ಎಂಬುದು) ನಮ್ಮಲ್ಲಿ ‘ನೈರ್ಮಲ್ಯ ಸಿದ್ಧಾಂತ’ ಎಂದುಬಿಡುತ್ತಾರೆ. ಓದಿದವನಿಗೆ ಕೈ ತೊಳೆಯುವುದೇ ತಪ್ಪು ಅನ್ನಿಸಬೇಕು! ಹೊಟ್ಟೆಹುಳ, ಮಣ್ಣಿನ, ದನಕರುಗಳ ಸೂಕ್ಷ್ಮಜೀವಿಗಳ ಜೊತೆ ಸಾವಿರಾರು ವರ್ಷ ಬಾಳಿ ಪಳಗಿದ ನಮ್ಮ ರಕ್ಷಣಾವ್ಯವಸ್ಥೆ ಅವು ಇಲ್ಲವಾದಾಗ ಹದ ತಪ್ಪುತ್ತದೆ ಎಂಬುದು ಈಚಿನ ವಿವರಣೆ. ಬ್ರಿಟನ್ನಿನ ಇನ್ನೊಬ್ಬ ವಿಜ್ಞಾನಿ ಗ್ರಹಾಂ ರೂಕ್ 2003ರಲ್ಲಿ ಆ ಜೀವಿಗಳನ್ನು ಹಳೆಯ ಗೆಳೆಯರು ಎಂದು ಕರೆದರು. ನಾನು ‘ಹಳೇ ಒಡನಾಡಿಗಳು’ ಎಂದು ಹಾಕಿದ್ದೇನೆ, ‘ನೈರ್ಮಲ್ಯ’ವನ್ನು ಕೈಬಿಟ್ಟಿದ್ದೇನೆ.

ಇನ್ನು ‘ಆಟೋಇಮ್ಯೂನ್’. ಪತ್ರಿಕೆಗಳ ‘ಸ್ವಯಂ ರೋಗನಿರೋಧಕ ಕಾಯಿಲೆ’ ಕೇಳಿದರೆ ತನ್ನಷ್ಟಕ್ಕೇ ರೋಗ ತಡೆಯುವ ಯಾವುದೋ ಒಳ್ಳೆಯ ಕಾಯಿಲೆ ಅನ್ನಿಸುತ್ತದೆ. ‘ಸ್ವಘಾತಕ’ ಎಂದರೆ ಆತ್ಮಹತ್ಯೆಯ ವಾಸನೆ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಅಚ್ಚುಕಟ್ಟಾಗಿ ಕೂರುತ್ತದೆ, ಆದರೆ ಗಾದೆಯನ್ನು ಡಾಕ್ಟರ ಚೀಟಿಯಲ್ಲಿ ಬರೆಯಲಾದೀತೇ? ಒಮ್ಮೆ ಗಾದೆಯಿಂದ ವಿವರಿಸಿ, ಮುಂದೆಲ್ಲ ಆಟೋಇಮ್ಯೂನ್ ಎಂದೇ ಉಳಿಸಿಕೊಂಡಿದ್ದೇನೆ.

ನನಗೆ ನಿಜವಾಗಿ ತಲೆಬಿಸಿ ಆದದ್ದು ನೋವಿನ ಭಾಗದಲ್ಲಿ. ನಮ್ಮ ಅತ್ತೆ ನಲವತ್ತು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ (ಮೊರ), ಬಗ್ಗಿದ ಕುತ್ತಿಗೆ, ಎಲೆ ಕತ್ತರಿಸು, ಹೊಗೆಸೊಪ್ಪಿನ ಹುಡಿ ಹಾಕು, ಸುರುಟು, ನೂಲು ಸುತ್ತು. ಈಗ ಬಲಗೈ ಹೆಬ್ಬೆರಳು ಮಡಚುವುದಿಲ್ಲ, ಕುತ್ತಿಗೆಯಿಂದ ಭುಜದವರೆಗೆ ಸೆಳೆತ, ರಾತ್ರಿ ಮಗ್ಗುಲು ಬದಲಿಸುವಾಗೆಲ್ಲ ‘ಅಪ್ಪೇ’ (ತುಳುವಿನಲ್ಲಿ ‘ಅಮ್ಮಾ’) ಎನ್ನುತ್ತಾರೆ. ಕಳೆದ ವರ್ಷ ಸಮೀಕ್ಷೆಗೆ ಬಂದ ಹುಡುಗಿ ‘ಕಾಯಿಲೆ ಏನಾದರೂ ಉಂಟಾ ಅಮ್ಮ?’ ಎಂದು ಕೇಳಿದಳು. ಅತ್ತೆ ಹೇಳಿದ್ದು: ‘ಸೀಕ್ ದಾಲ ಇಜ್ಜಿ, ಬೇನೆ ಮಾತ್ರ.’ ಕಾಯಿಲೆ ಏನೂ ಇಲ್ಲ, ನೋವು ಮಾತ್ರ. ಹುಡುಗಿ ‘ಇಲ್ಲ’ ಎಂದು ಗುರುತು ಹಾಕಿಕೊಂಡು ಹೋದಳು. ಅವಳದ್ದೇನೂ ತಪ್ಪಿಲ್ಲ, ಕೇಳಿದ್ದಕ್ಕೆ ಸಿಕ್ಕಿದ ಉತ್ತರ ಅದೇ.

‘ವೇದನೆ’ಯಿಂದ ಬಂದ ಈ ‘ಬೇನೆ’ಗೆ ಬಯಲುಸೀಮೆಯ ಕಡೆ ಕಾಯಿಲೆ ಎಂಬ ಅರ್ಥವೂ ಉಂಟು. ನಮ್ಮ ತುಳುವಿನಲ್ಲಿ, ಹವ್ಯಕರ ಮಾತಿನಲ್ಲಿ ಅದು ಬರೀ ನೋವು: ತರೆಬೇನೆ, ತಲೆಬೇನೆ. ಕಾಯಿಲೆ ಬೇರೆ, ಬೇನೆ ಬೇರೆ. ಮೂರು ತಿಂಗಳು ಮೀರಿದ ನೋವನ್ನು ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಪ್ರತ್ಯೇಕವಾಗಿ ಗುರುತಿಸುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರು ‘ಪ್ರಾಯ ಆಯ್ತಲ್ಲ’. 17 ದೇಶಗಳ 42,000ಕ್ಕೂ ಹೆಚ್ಚು ಜನರನ್ನು ಕೇಳಿ 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಬಹುಕಾಲದ ನೋವಿನವರು ಮುಂದುವರಿದ ದೇಶಗಳಲ್ಲಿ ಶೇ. 37, ಹಿಂದುಳಿದವುಗಳಲ್ಲಿ ಶೇ. 41. ನೇರವಾಗಿ ನೋವನ್ನೇ ಕೇಳಿದರೆ ನಮ್ಮಂಥ ಕಡೆ ಕಡಿಮೆ ಏನಿಲ್ಲ. ಸಿರಿವಂತ ದೇಶಗಳಲ್ಲಿ ಅದಕ್ಕೊಂದು ಹೆಸರು, ರಜೆಚೀಟಿ, ವಿಮೆಯ ಅರ್ಜಿ ಎಲ್ಲ ಇದೆ, ಹಾಗಾಗಿ ಕಣ್ಣಿಗೆ ಬೀಳುತ್ತದೆ.

(ಕಾಯಿಲೆಗೆ ಸಿರಿತನದ ಹೆಸರಿಡುವುದು ಹೊಸತಲ್ಲ. ಚರಕಸಂಹಿತೆ ವಾತರಕ್ತವನ್ನು (ಗೌಟ್‌ನಂಥ ಕೀಲುಬೇನೆ) ‘ಆಢ್ಯವಾತ’ ಎಂದೂ ಕರೆಯುತ್ತದೆ. ಆಢ್ಯ ಎಂದರೆ ಹಣವಂತ. ಹಾಗೆಂದು ಹೆಸರನ್ನು ನಂಬುವ ಹಾಗೂ ಇಲ್ಲ: ಬಡವರನ್ನೇ ಹೆಚ್ಚು ಕಾಡುವ ಕ್ಷಯಕ್ಕೆ ‘ರಾಜಯಕ್ಷ್ಮ’ ಎಂದು ಹೆಸರು.)

ಈಗ ವಾಕ್ಯವನ್ನು ಒಡೆದಿದ್ದೇನೆ: ‘ಆಟೋಇಮ್ಯೂನ್ ಕಾಯಿಲೆಗಳಲ್ಲಿ ಕೆಲವು ಸಿರಿವಂತ ದೇಶಗಳಲ್ಲಿ ನಿಜಕ್ಕೂ ಹೆಚ್ಚು. ಬಹುಕಾಲದ ನೋವು ಅಲ್ಲಿ ಹೆಚ್ಚು ಲೆಕ್ಕಕ್ಕೆ ಸಿಗುತ್ತದೆ.’ ಮೊದಲು ‘ದಾಖಲಾಗುತ್ತದೆ’ ಎಂದು ಬರೆದಿದ್ದೆ, ನೋವೇ ಹೋಗಿ ಆಸ್ಪತ್ರೆಗೆ ದಾಖಲಾದ ಹಾಗಿತ್ತು. ‘ಲೆಕ್ಕಕ್ಕೆ ಸಿಗು’ ಬರವಣಿಗೆಯಲ್ಲಿ ಒಪ್ಪುತ್ತದೆಯೇ? ಇನ್ನೂ ಒಳ್ಳೆಯದು ಹೊಳೆದರೆ ತಿಳಿಸಿ. ‘ಬಹುಕಾಲದ ನೋವು’ ಕೂಡ ನನಗೆ ಪೂರ್ತಿ ಹಿಡಿಸಿಲ್ಲ. ಜೀರ್ಣಜ್ವರದ (ಬಹುದಿನದ ಜ್ವರ) ಮಾದರಿಯಲ್ಲಿ ‘ಜೀರ್ಣನೋವು’ ಎಂದರೆ ಇವತ್ತಿನ ಓದುಗರು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ‘ಬಿಡದ ನೋವು’ ಹೇಗೆ?

ಕುಂದಾಪುರ, ಶಿರಸಿ, ಧಾರವಾಡ ಕಡೆಯವರು ಒಂದು ಹೇಳಬೇಕು: ನಿಮ್ಮ ಮನೆಯ ಹಿರಿಯರನ್ನು ‘ಕಾಯಿಲೆ ಇದೆಯಾ’ ಎಂದು ಕೇಳಿದರೆ ಮಂಡಿನೋವನ್ನು ಅದರಲ್ಲಿ ಸೇರಿಸುತ್ತಾರೋ, ಬಿಡುತ್ತಾರೋ? ಸೇರಿಸದಿದ್ದರೆ, ಸೇರಿಸಿ ಹೇಳುವಂತೆ ಮಾಡಲಿಕ್ಕೆ ಯಾವ ಪದದಲ್ಲಿ ಕೇಳಬೇಕು? ಪುಸ್ತಿಕೆ ಅಚ್ಚಿಗೆ ಹೋಗಲಿಕ್ಕೆ ಇನ್ನೊಂದು ವಾರ ಉಂಟು.