ಡಿಬೇಟ್‌ನಲ್ಲಿ ನಾನು ಒಪ್ಪದ ಪಕ್ಷವನ್ನೇ ಕೊಟ್ಟರು, ಇದರಿಂದ ಏನು ಪ್ರಯೋಜನ?

ಬದಿಯಡ್ಕದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈ ವರ್ಷ ಕಾಲೇಜಿನಲ್ಲಿ ಪಾರ್ಲಿಮೆಂಟರಿ ಡಿಬೇಟ್, ಅಂದರೆ ಸಂಸತ್ತಿನ ಮಾದರಿಯ ಚರ್ಚಾಸ್ಪರ್ಧೆ, ಶುರುವಾಗಿದೆ. ಕಳೆದ ವಾರ ಚೀಟಿ ಎತ್ತಿದಾಗ ನನಗೂ ನನ್ನ ಜೊತೆಗಾತಿಗೂ ಸರಕಾರದ ಪಕ್ಷ, ಅಂದರೆ ವಿಷಯದ ಪರ ಮಾತಾಡುವ ಕಡೆ, ಬಂತು. ವಿಷಯ ಏನು ಗೊತ್ತಾ? ಗಡಿನಾಡಿನ ಎಲ್ಲ ಶಾಲೆಗಳಲ್ಲೂ ರಾಜ್ಯಭಾಷೆ ಕಡ್ಡಾಯ ಮಾಡಬೇಕು ಅಂತ! 2017ರಲ್ಲಿ ಮಲಯಾಳಂ ಕಡ್ಡಾಯದ ಕಾನೂನು ಬಂದಾಗ ಪ್ರತಿಭಟನೆಗೆ ಹೋದವರು ನನ್ನಪ್ಪ. ಈಗ ಮಗಳು ಅದೇ ಕಾನೂನಿನ ಪರ ವಾದ ಮಾಡಬೇಕು.

ತಯಾರಿಗೆ 15 ನಿಮಿಷ. ವರಾಂಡದ ಮೆಟ್ಟಿಲ ಮೇಲೆ ಕೂತೆವು, ಮೊದಲ ಐದು ನಿಮಿಷ ಇಬ್ಬರೂ ಒಂದಕ್ಷರ ಬರೆಯಲಿಲ್ಲ. ಹೇಗೋ ಮಾತಾಡಿದೆ, ಅದೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ಹೇಳಿದರೆ ಅಪ್ಪ ಊಟದ ಬಟ್ಟಲಿಂದ ತಲೆ ಎತ್ತಲೇ ಇಲ್ಲ. ನಂಬದೇ ಇದ್ದದ್ದನ್ನು ನಂಬಿದ ಹಾಗೆ ಹೇಳುವುದು ಸುಳ್ಳಲ್ವಾ? ಇದು ಪ್ರಜಾಪ್ರಭುತ್ವದ ತರಬೇತಿ ಅಂತ ಟೀಚರ್ ಹೇಳುತ್ತಾರೆ. ನನಗೆ ಅರ್ಥ ಆಗಿಲ್ಲ.

ಪೆರಿಯ ಬಸ್ಸು:
ತಂಗೀ, ನಾನು ಮೂರು ವರ್ಷ ಇದೇ ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯ ಡಿಬೇಟ್ ಮಾಡಿದ್ದೇನೆ. ಮೊದಲ ಸಲ ನನಗೂ ಹೀಗೇ ಹೊಟ್ಟೆಯಲ್ಲಿ ಸಂಕಟ ಆಗಿತ್ತು. ಆದರೆ ಅಲ್ಲಿ ಕೂತವರಿಗೆಲ್ಲ ಚೀಟಿಯ ವಿಷಯ ಗೊತ್ತಿರುತ್ತದೆ. ಯಾರಿಗೂ ಮೋಸ ಆಗುವುದಿಲ್ಲ, ಹಾಗಾಗಿ ಸುಳ್ಳು ಅನ್ನಲಾರೆ. ಪಕ್ಷವನ್ನು ನಾವೇ ಆರಿಸುವ ಹಾಗಿದ್ದರೆ ದಿನಾ ಮನೆಯಲ್ಲಿ ಕೇಳಿದ ಮಾತನ್ನೇ ಸ್ವಲ್ಪ ಜೋರಾಗಿ ಹೇಳಿ ಬರುತ್ತಿದ್ದೆವು, ಅಷ್ಟೇ.

ನನಗೆ ಜಾಸ್ತಿ ಇಷ್ಟ ಆದದ್ದು ನಡುವೆ ಎದ್ದು ಕೇಳುವ ಪ್ರಶ್ನೆ. ಒಬ್ಬರಿಗೆ 7 ನಿಮಿಷ, ಅದರಲ್ಲಿ ಮೊದಲನೆಯ ಮತ್ತು ಕೊನೆಯ ನಿಮಿಷ ಬಿಟ್ಟು ಉಳಿದ ಹೊತ್ತು ಎದುರಿನವರು ಎದ್ದು ನಿಲ್ಲಬಹುದು. ತಗೊಳ್ಳುವುದು ಬಿಡುವುದು ನಿಮ್ಮಿಷ್ಟ, ಆದರೆ ಒಂದನ್ನೂ ತಗೊಳ್ಳದಿದ್ದರೆ ತೀರ್ಪುಗಾರರ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ಇಬ್ಬಿಬ್ಬರ ನಾಲ್ಕು ತಂಡಗಳಲ್ಲಿ ಎರಡೆರಡು ಒಂದೇ ಕಡೆ ಅಲ್ವಾ? ನಿಮ್ಮ ಕಡೆಯ ಮೊದಲ ತಂಡ ಹೇಳಿದ್ದನ್ನು ನೀವು ಮುರಿಯುವ ಹಾಗಿಲ್ಲ, ಅದನ್ನೇ ತಿರುಗಿ ಹೇಳುವ ಹಾಗೂ ಇಲ್ಲ, ಹೊಸದು ಏನಾದರೂ ತರಬೇಕು. ಯಾಕೆಂದರೆ ಅವರೊಂದಿಗೂ ನಿಮಗೆ ಸ್ಪರ್ಧೆ ಇದೆ. ಮೈತ್ರಿ ಸರಕಾರ ನಡೆಸುವವರ ಕಷ್ಟ ಏನು ಅಂತ ನನಗೆ ಗೊತ್ತಾದದ್ದು ಅಲ್ಲೇ.

ಕುಂಬಳೆ ಮಾಷ್ಟ್ರು:
ಮಗಳೇ, ನಮ್ಮ ಊರಿನವರಿಗೆ ಇದು ಹೊಸತಲ್ಲ. ತಾಳಮದ್ದಳೆಗೆ, ಅದೇ ವೇಷ ಕುಣಿತ ಇಲ್ಲದೆ ಕೂತು ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಯಕ್ಷಗಾನಕ್ಕೆ, ಹೋಗಿ ಕೂತು ನೋಡು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ಕೇಳುವಾಗ ಆ ಅರ್ಥ ಹೇಳುವವರು ಮನೆಯಲ್ಲಿ ರಾಮನಿಗೆ ದೀಪ ಹಚ್ಚಿ ಬಂದವರೇ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದವರು ಇಂದಿಗೂ ಅದನ್ನು ನೆನೆಯುತ್ತಾರೆ. ವ್ಯತ್ಯಾಸ ಒಂದು ಉಂಟು. ವಾಲಿ ಮಾತಿನಲ್ಲಿ ಎಷ್ಟು ಗೆದ್ದರೂ ಪದ್ಯ ಬಂದಾಗ ಸಾಯಲೇಬೇಕು. ನಿಮ್ಮಲ್ಲಿ ಕೊನೆ ಮೊದಲೇ ಬರೆದಿಟ್ಟಿಲ್ಲ, ಮತ್ತೆ ಯಾಕೆ ಗೆದ್ದಿರಿ, ಯಾಕೆ ಸೋತಿರಿ ಅಂತ ತೀರ್ಪುಗಾರರು ಕಾರಣ ಹೇಳಬೇಕು.

ನನ್ನ ಬೇಸರ ಇಂಗ್ಲಿಷಿನ ಬಗ್ಗೆ. ವಿಧಾನಸಭೆಯಲ್ಲೇ, ಬೇರೆ ಭಾಷೆಯಲ್ಲಿ ಸರಿಯಾಗಿ ಹೇಳಲು ಬಾರದ ಸದಸ್ಯರಿಗೆ ತಾಯ್ನುಡಿಯಲ್ಲಿ ಮಾತಾಡಲು ಸ್ಪೀಕರ್ ಅನುಮತಿ ಕೊಡಬಹುದು ಅಂತ ಸಂವಿಧಾನದ 210ನೇ ವಿಧಿ ಹೇಳುತ್ತದೆ. 2021ರಲ್ಲಿ ಮಂಜೇಶ್ವರದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲೇ ಪ್ರಮಾಣವಚನ ತಗೊಂಡರು. ನಿಜವಾದ ಸಭೆಯಲ್ಲಿ ಇರುವ ಜಾಗ ಕಾಲೇಜಿನ ಸಭೆಯಲ್ಲಿ ಇಲ್ಲ ಅಂದರೆ ಹೇಗೆ? ಕನ್ನಡ ಮೀಡಿಯಂನ ಎಷ್ಟು ಮಕ್ಕಳು ಹಿಂದಿನ ಬೆಂಚಿನಲ್ಲೇ ಉಳಿದಿರಬಹುದು.

ಚಂದ್ರಗಿರಿ ಹೊಳೆಬದಿ:
ನನಗೆ ಪೂರ್ತಿ ಒಪ್ಪಿಗೆ ಇಲ್ಲ. 7 ನಿಮಿಷ ಚಂದ ಮಾತಾಡಿದವರೆಲ್ಲ ಸರಿ ಅಂತ ಆಗುವುದಿಲ್ಲ. 2016ರಲ್ಲಿ ಮಂಜೇಶ್ವರದ ಚುನಾವಣೆ 89 ಮತಗಳಲ್ಲಿ ತೀರ್ಮಾನ ಆಯಿತು. ಆಗ ಮನೆ ಮನೆ ಹತ್ತಿದವರಿಗೆ ಗೊತ್ತು, ಅಂಗಳದಲ್ಲಿ ಕೂತ ಅಜ್ಜಿ ತನ್ನ ಪಿಂಚಣಿ ವಿಷಯ ಹೇಳಿ ಮುಗಿಸುವವರೆಗೆ ಬಾಯಿ ಮುಚ್ಚಿ ಕೇಳಬೇಕು. ಡಿಬೇಟ್‌ನಲ್ಲಿ ಆ ಕೇಳುವ ಕೆಲಸ ಎಲ್ಲಿದೆ? ಅದಿರಲಿ ತಂಗಿ, ನಿನ್ನ ಎದುರು ಪಕ್ಷದಲ್ಲಿ ಯಾರಿದ್ದರು, ಅವರು ಏನು ಹೇಳಿದರು?

ಬದಿಯಡ್ಕದ ಹುಡುಗಿ:
ಅಣ್ಣ, ನೀವು ಕೇಳಿದ ಮೇಲೆ ಆವತ್ತಿನದ್ದೆಲ್ಲ ಮತ್ತೆ ನೆನಪಾಯಿತು. ಎದುರಿಗೆ ಇದ್ದವನು ನೀಲೇಶ್ವರದ ಹುಡುಗ, ಮನೆಮಾತು ಮಲಯಾಳಂ, ಕನ್ನಡ ಒಂದಕ್ಷರ ಬಾರದು. ಅವನಿಗೆ ನಮ್ಮ ಕನ್ನಡದವರ ಪರ ಮಾತಾಡುವ ಚೀಟಿ ಬಂದಿತ್ತು. ಕನ್ನಡ ಶಾಲೆಗೆ ಕನ್ನಡ ಬಾರದ ಗಣಿತದ ಟೀಚರ್ ಬಂದರೆ ಐದನೇ ಕ್ಲಾಸಿನ ಮಗು ಡೌಟ್ ಕೇಳುವುದು ಹೇಗೆ ಅಂತ ಅವನು ಕೇಳಿದ. ಆ ಮಗು ನಾನೇ ಆಗಿದ್ದೆ. ನಮಗೂ ಒಂದು ವರ್ಷ ಹಾಗೆ ಆಗಿತ್ತು, ಇಡೀ ವರ್ಷ ಬೋರ್ಡ್ ನೋಡಿ ಬರೆದುಕೊಂಡದ್ದಷ್ಟೇ. ನಾನು ಎದ್ದು ಪ್ರಶ್ನೆ ಕೇಳಬೇಕಿತ್ತು, ಏಳಲು ಆಗಲಿಲ್ಲ. ಆಮೇಲೆ ಕ್ಯಾಂಟೀನಿನಲ್ಲಿ ಅವನು ಬಂದು, ಟೀಚರ್ ವಿಷಯ ನಾನು ಊಹಿಸಿ ಹೇಳಿದ್ದು, ನಿಜಕ್ಕೂ ಹಾಗೆ ಆಗುತ್ತದಾ ಅಂತ ಕೇಳಿದ. ಅರ್ಧ ಗಂಟೆ ಹೇಳಿದೆ. ಚಹಾ ತಣ್ಣಗಾದರೂ ಕೇಳಿದ. ಅಪ್ಪನಿಗೆ ನಾನು ಈ ಭಾಗ ಹೇಳಿಯೇ ಇರಲಿಲ್ಲ, ಇವತ್ತು ಹೇಳುತ್ತೇನೆ.

ಮಾಷ್ಟ್ರೇ, ನಿಮ್ಮ ಮಾತು ಓದಿ ಟೀಚರ್ ಹತ್ತಿರ ಕನ್ನಡದಲ್ಲಿ ಒಂದು ರೌಂಡ್ ಕೇಳಿದೆ. ಎಂಟು ಜನ ಸೇರಿದರೆ ಶನಿವಾರ ಮಾಡಿ ಅಂದರು. ಆರು ಜನ ಆಗಿದ್ದೇವೆ. ಇನ್ನಿಬ್ಬರು ಬೇಕು, ಬೇರೆ ಕಾಲೇಜಿನವರಾದರೂ ಆಗಬಹುದು. ಪೆರಿಯ ಅಣ್ಣ, ತೀರ್ಪಿಗೆ ನೀವು ಬರಬಹುದಾ?

ಪೆರಿಯ ಬಸ್ಸು:
ಬರುತ್ತೇನೆ. ಎಷ್ಟು ಗಂಟೆಗೆ?