ಬಂಡೀಪುರ ಗೇಟ್ ಮುಚ್ಚಿದ ಮೇಲೆ ಕಾರಿನಲ್ಲೇ ಮಲಗಿದರೆ ಕಾನೂನು ಪ್ರಕಾರ ತಪ್ಪಾ?

ನೀಲಗಿರಿ_ದಾರಿ:
ಬೆಂಗಳೂರಿಂದ ಊಟಿಗೆ ಹೊರಡೋ ಪ್ಲಾನ್. ಆಫೀಸ್ ಮುಗಿಸಿ ಹೊರಟರೆ ಮೈಸೂರು ದಾಟೋಷ್ಟರಲ್ಲೇ 9 ಗಂಟೆ, ಬಂಡೀಪುರ ಗೇಟು ಬೆಳಿಗ್ಗೆ 6ರ ತನಕ ತೆಗೆಯಲ್ಲ. ಗಂಡ-ಹೆಂಡತಿ ಇಬ್ಬರೇ. ಐದಾರು ಗಂಟೆ ನಿದ್ದೆಗೆ ರೂಮು ಯಾಕೆ ಅಂತ. ಗುಂಡ್ಲುಪೇಟೆ ಆಸುಪಾಸು ಎಲ್ಲಾದರೂ ನಿಲ್ಲಿಸಿ ಕಾರಲ್ಲೇ ಮಲಗಿದರೆ ಕೇಸ್ ಹಾಕ್ತಾರಾ? ಪೊಲೀಸರು ಎಬ್ಬಿಸಿದರೆ ಏನು ಹೇಳಬೇಕು? ಎಸಿ ಹಾಕಿಕೊಂಡು ಮಲಗಬಹುದಾ?

ಕರಿಕೋಟು:
ನಿಂತ ಕಾರಿನಲ್ಲಿ ನಿದ್ದೆ ಮಾಡೋದು ಅಪರಾಧ ಅಂತ ಮೋಟಾರು ವಾಹನ ಕಾಯ್ದೆ 1988ರಲ್ಲಿ ಎಲ್ಲೂ ಇಲ್ಲ. ಕೇಸ್ ಬೀಳೋದು ನಿದ್ದೆಗಲ್ಲ, ಗಾಡಿ ನಿಂತ ಜಾಗಕ್ಕೆ. ಬೇರೆಯವರಿಗೆ ಅಪಾಯ, ಅಡಚಣೆ ಆಗೋ ಹಾಗೆ ನಿಲ್ಲಿಸಿದರೆ ಸೆಕ್ಷನ್ 122. ದಾರಿಗೆ ಅಡ್ಡ ಅಂತಾದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಕೂಡ ಸೇರಿಕೊಳ್ಳುತ್ತೆ, 5,000 ರೂಪಾಯಿವರೆಗೆ ದಂಡ. ತಿರುವು, ಸೇತುವೆ, ಜಂಕ್ಷನ್, ಬಸ್ ಸ್ಟಾಪ್, ಯಾರದೋ ಮನೆ ಗೇಟು, ಇವೆಲ್ಲ ಬೇಡ. ನೋ ಪಾರ್ಕಿಂಗ್ ಬೋರ್ಡ್ ಇದ್ದರೆ ಒಳಗೆ ಜನ ಇದ್ದಾರೆ ಅನ್ನೋದು ಲೆಕ್ಕಕ್ಕೆ ಬರಲ್ಲ, ಎಳೆದುಕೊಂಡು ಹೋಗೋ ಅಧಿಕಾರ ಮೋಟಾರು ವಾಹನ ಕಾಯ್ದೆಯ 127ರಲ್ಲಿದೆ. 10 ತಾಸು ಅಥವಾ ಹೆಚ್ಚು ನಿಂತರೆ ಎಳೆಯಬಹುದು ಅಂತ ಅದೇ ಸೆಕ್ಷನ್ನಿನಲ್ಲಿ ಇರೋದು ಯಾರೂ ಇಲ್ಲದೆ ಬಿಟ್ಟುಹೋದ ಗಾಡಿಗೆ. ನೀವು ಒಳಗೇ ಇರ್ತೀರಲ್ಲ, ಅದು ನಿಮಗಲ್ಲ.

ಬೀಟ್ ಪೊಲೀಸರು ಗಾಜು ತಟ್ಟೇ ತಟ್ತಾರೆ, ಅದು ಅವರ ಕೆಲಸ. ಒಳಗಿನ ಲೈಟ್ ಹಾಕಿ, ಗಾಜು ಅರ್ಧ ಇಳಿಸಿ, "ಗೇಟು ತೆಗೆಯೋ ತನಕ ಮಲಗಿದ್ದೀವಿ ಸರ್" ಅಂದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತೆ. ಲೈಸೆನ್ಸ್, ಆರ್‌ಸಿ ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತೆ. ಜಾಗ ಖಾಲಿ ಮಾಡಿ ಅಂದರೆ ವಾದಕ್ಕೆ ನಿಲ್ಲಬೇಡಿ, ರಾತ್ರಿ 2 ಗಂಟೆಗೆ ಕಾನೂನು ಪಾಠ ಯಾರಿಗೂ ಬೇಕಾಗಿಲ್ಲ. ಸ್ಟೇಷನ್‌ಗೆ ಬನ್ನಿ ಅನ್ನೋ ಮಟ್ಟಕ್ಕೆ ಹೋದರೆ ಒಂದು ಗೊತ್ತಿರಲಿ: ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸೋ ಹಾಗಿಲ್ಲ. ತೀರಾ ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿಯೇ ಬರಬೇಕು.

ತೆರಕಣಾಂಬಿ ರೋಡ್:
ಗೇಟಿನ ಮುಂದೆ ಹೋಗಿ ಮಲಗೋ ಐಡಿಯಾ ಇದ್ದರೆ ಈಗಲೇ ಬಿಟ್ಟುಬಿಡಿ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಕಾಡಂಚು, ಆನೆ ರಸ್ತೆಗೇ ಬರುತ್ತೆ. ಕಾರೊಳಗೆ ಬಾಳೆಹಣ್ಣು ಇದ್ದರಂತೂ ಕೇಳಲೇಬೇಡಿ. ಗೇಟು ದಾಟಿದ ಮೇಲೆ ಹಗಲಲ್ಲೂ ಗಾಡಿ ನಿಲ್ಲಿಸೋ ಹಾಗಿಲ್ಲ. ಗುಂಡ್ಲುಪೇಟೆಯಿಂದ ಗೇಟಿಗೆ ಅರ್ಧ ಗಂಟೆಯೂ ಬೇಡ, 5.30ಕ್ಕೆ ಎದ್ದರೆ ಸಾಕು.

ಇಪ್ಪತ್ತನಾಲ್ಕು ಗಂಟೆ ತೆರೆದಿರೋ ಪೆಟ್ರೋಲ್ ಬಂಕ್ ನೋಡಿ. ಹತ್ತು ಲೀಟರ್ ಹಾಕಿಸಿ, ರಾತ್ರಿ ಪಾಳಿಯವರನ್ನು ಕೇಳಿ, ಕ್ಯಾಮೆರಾ ಕಣ್ಣಿಗೆ ಬೀಳೋ ಮೂಲೆಯಲ್ಲಿ ನಿಲ್ಲಿಸಿ. ಟ್ಯಾಂಕರ್ ಇಳಿಸೋ ಜಾಗ ಮಾತ್ರ ಬಿಡಿ, ಇಲ್ಲದಿದ್ದರೆ ನಡುರಾತ್ರಿ ಎಬ್ಬಿಸ್ತಾರೆ. ಬಂಕ್ ಅಂದರೆ ಖಾಸಗಿ ಜಾಗ, ಕೇಳದೆ ನುಗ್ಗಬಾರದು. ಇನ್ನೊಂದು ಉಪಾಯ ರಾತ್ರಿಯಿಡೀ ನಡೆಯೋ ಲಾರಿ ಢಾಬಾ, ಆದರೆ ಲಾರಿಗಳ ನಡುವೆ ನುಸುಳಬೇಡಿ. ರಿವರ್ಸ್ ತಗೊಳ್ಳೋವಾಗ ಸಣ್ಣ ಕಾರು ಅವರಿಗೆ ಕಾಣಲ್ಲ. ಹೆದ್ದಾರಿ ಅಂಚಲ್ಲಿ ಇಂಡಿಕೇಟರ್ ಹಾಕಿ ಮಲಗೋದಂತೂ ಸಾವಿಗೆ ಟೋಕನ್ ತಗೊಂಡ ಹಾಗೆ.

ಅಂದಹಾಗೆ ನೀಲಗಿರಿಗೆ ಇ-ಪಾಸ್ ಬೇಕು, 2024ರ ಮೇ ತಿಂಗಳಿಂದ ಇದೆ. ಮಲಗೋ ಮೊದಲೇ ಫೋನಲ್ಲಿ ಮಾಡಿಟ್ಟುಕೊಳ್ಳಿ.

10-12 ಸ್ಪ್ಯಾನರ್:
ಎಸಿ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಎಂಜಿನ್ ಆನ್ ಇಟ್ಟು ಮಲಗಬೇಡಿ. ಓಡೋ ಗಾಡಿಯ ಹೊಗೆ ಹಿಂದಕ್ಕೆ ಹೋಗುತ್ತೆ, ನಿಂತ ಗಾಡಿಯದು ಕೆಳಗೇ ಸುತ್ತುತ್ತೆ. ಸೈಲೆನ್ಸರ್ ಜಾಯಿಂಟ್ ಲೀಕ್ ಇದ್ದು, ಡಿಕ್ಕಿಯ ರಬ್ಬರ್ ಹರಿದಿದ್ದರೆ, ಅಥವಾ ಹಿಂಭಾಗ ಗೋಡೆಗೆ ಒತ್ತಿ ನಿಂತಿದ್ದರೆ ಒಳಗೆ ಸೇರುತ್ತೆ. ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಎಚ್ಚರವೂ ಆಗಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ನಿಂತ ಕ್ಯಾರವಾನ್‌ನಲ್ಲಿ ಮಲಗಿದ್ದ ಇಬ್ಬರು ಸತ್ತಿದ್ದು ಇದೇ ಅನಿಲದಿಂದ, ಅಲ್ಲಿ ಜನರೇಟರ್ ಹೊಗೆ ಒಳಗೆ ಬಂದಿತ್ತು. ರೀಸರ್ಕ್ಯುಲೇಷನ್ ಬಟನ್ (ಒಳಗಿನ ಗಾಳಿಯನ್ನೇ ತಿರುಗಿಸೋದು) ಒತ್ತಿದರೆ ಸೇಫ್ ಅನ್ನೋದು ಸುಳ್ಳು, ಬಿರುಕಿನಿಂದ ಬರೋದನ್ನ ಅದು ತಡೆಯಲ್ಲ.

ಎಂಜಿನ್ ಆಫ್ ಮಾಡಿ ಬರೀ ಬ್ಲೋವರ್ ಹಾಕಿದರೂ ಕಷ್ಟ. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಯಲ್ಲಿ ಸುಸ್ತಾಗುತ್ತೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಿಕ್ ಟಿಕ್ ಅಷ್ಟೇ. ಬದಲಿಗೆ 5 ವಾಟ್‌ನ ಯುಎಸ್‌ಬಿ ಫ್ಯಾನ್, 20,000 ಎಂಎಎಚ್ ಪವರ್ ಬ್ಯಾಂಕ್. ರಾತ್ರಿಗೆ ಧಾರಾಳ. ಎದುರುಬದುರು ಎರಡು ಗಾಜು ಬೆರಳು ತೂರುವಷ್ಟು ಇಳಿಸಿ, ಸೊಳ್ಳೆ ಬಲೆ ಸಿಕ್ಕಿಸಿ. ಪವರ್ ವಿಂಡೋ ಆದರೆ ಕೀ ತೆಗೆಯೋ ಮೊದಲೇ ಗಾಜು ಸರಿಮಾಡಿಕೊಳ್ಳಿ. ಲಾಕ್ ಒಳಗಿನ ಬಟನ್‌ನಿಂದ ಮಾಡಿ. ಕೆಲವು ಗಾಡಿಗಳಲ್ಲಿ ರಿಮೋಟ್‌ನಿಂದ ಲಾಕ್ ಮಾಡಿ ಒಳಗೆ ಹೊರಳಾಡಿದರೆ ಸೈರನ್ ಕೂಗುತ್ತೆ.

ವೀಕೆಂಡ್ ಚಕ್ರ:
ಒಂದು ಬಿಯರ್ ಕುಡಿದು ಹಿಂದಿನ ಸೀಟಲ್ಲಿ ಮಲಗಿದರೆ? ಓಡಿಸ್ತಿಲ್ವಲ್ಲ.

ಕರಿಕೋಟು:
ಸೆಕ್ಷನ್ 185 ಹೇಳೋದು ಕುಡಿದು ಓಡಿಸುವಾಗ ಅಥವಾ ಓಡಿಸಲು ಯತ್ನಿಸುವಾಗ ಅಂತ. ಹಿಂದಿನ ಸೀಟು, ಎಂಜಿನ್ ಆಫ್, ಕೀ ಬ್ಯಾಗಲ್ಲಿ ಇದ್ದರೆ ಅದು ಅಂಟೋದು ಕಷ್ಟ. ಸ್ಟೇರಿಂಗ್ ಮುಂದೆ ಎಂಜಿನ್ ಆನ್ ಇಟ್ಟು ಗೊರಕೆ ಹೊಡೆದರೆ ವಾದ ಉಲ್ಟಾ ಆಗುತ್ತೆ. ಆದರೆ ಕಾರೊಳಗೇ ಬಾಟ್ಲಿ ತೆಗೆಯಬೇಡಿ. ರಸ್ತೆಯಲ್ಲಿರೋ ಖಾಸಗಿ ಕಾರು ಸಾರ್ವಜನಿಕ ಸ್ಥಳದ ಲೆಕ್ಕಕ್ಕೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ, ಬಿಹಾರದ ಅಬಕಾರಿ ಪ್ರಕರಣದಲ್ಲಿ ಹೇಳಿದೆ. ಇನ್ನು ಓಡಿಸೋವಾಗಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ಮಧ್ಯರಾತ್ರಿ ತನಕ ಕುಡಿದವನು 6 ಗಂಟೆಗೆ ಗೇಟು ತೆಗೆದಾಗಲೂ ಅದಕ್ಕಿಂತ ಮೇಲಿರಬಹುದು. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ 6 ತಿಂಗಳು ಜೈಲು, ಎರಡೂ ಆಗಬಹುದು.

ನೀಲಗಿರಿ_ದಾರಿ:
ಎಲ್ಲರಿಗೂ ಥ್ಯಾಂಕ್ಸ್. ಬಂಕ್, ಫ್ಯಾನ್, ಬಲೆ ಫಿಕ್ಸ್. ಬಾಳೆಹಣ್ಣು ಮೈಸೂರಲ್ಲೇ ಖಾಲಿ ಮಾಡ್ತೀವಿ.